ತಾಮ್ರ, ತವರ ಮತ್ತು ತವರುಮನೆಯ ದುಡ್ಡು

ಗ್ಯಾಲಕ್ಸಿ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತೆ? ಹೆಚ್ಚಿನವರಿಗೆ ಬರೋದು ಒಂದೇ. ನಡುವೆ ಬೆಳಗುವ ಗುಡ್ಡೆ, ಅಲ್ಲಿಂದ ಹೊರಟು ಸುತ್ತಿಕೊಂಡು ಹೋಗುವ ತೋಳುಗಳು. ಒರಳಿನಿಂದ ಈಗಷ್ಟೇ ಒತ್ತಿದ ಚಕ್ಕುಲಿ ಥರ. ಫೋನಿನ ವಾಲ್‌ಪೇಪರ್‌ನಲ್ಲಿ, ಶಾಲೆಯ ಪುಸ್ತಕದಲ್ಲಿ, ಸಿನಿಮಾದಲ್ಲಿ, ಎಲ್ಲ ಕಡೆ ಅದೇ ಸುರುಳಿ.

ಆ ಸುರುಳಿಯನ್ನು ಮೊದಲು ಕಂಡವರು ಯಾವುದೋ ವಿಶ್ವವಿದ್ಯಾಲಯದವರಲ್ಲ, ಸರ್ಕಾರಿ ವೀಕ್ಷಣಾಲಯದವರೂ ಅಲ್ಲ. ಐರ್ಲೆಂಡಿನ ನಡುಭಾಗದ ಒಂದು ಪುಟ್ಟ ಊರಿನ ಜಮೀನ್ದಾರ. 1845ರ ಏಪ್ರಿಲ್‌ನಲ್ಲಿ, ತನ್ನ ಕೋಟೆಮನೆಯ ತೋಟದಲ್ಲಿ ತಾನೇ ಕಟ್ಟಿಸಿದ ಟೆಲಿಸ್ಕೋಪಿನಲ್ಲಿ ಅದನ್ನು ನೋಡಿ, ಕೈಯಲ್ಲೇ ಚಿತ್ರ ಬರೆದಿಟ್ಟ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ದೇಶದ ಹೊಲಗಳಲ್ಲಿ ಆಲೂಗಡ್ಡೆ ಕೊಳೆಯಲು ಶುರುವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಹಸಿವು ತಂದ ರೋಗಗಳಿಂದ ಸತ್ತರು.

ಆಕಾಶದ ಕಥೆ ಹೇಳುವವರು ಆಲೂಗಡ್ಡೆಯನ್ನು ಬಿಟ್ಟುಬಿಡುತ್ತಾರೆ. ಬರಗಾಲದ ಕಥೆ ಹೇಳುವವರಿಗೆ ಟೆಲಿಸ್ಕೋಪ್ ನೆನಪಾಗಲ್ಲ. ಆದರೆ ಬರ್ ಕ್ಯಾಸಲ್ ಮತ್ತು ಅದರ ಒಡೆಯರಾದ ಪಾರ್ಸನ್ಸ್ ಮನೆತನದ ಕಥೆಯನ್ನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು. 400 ವರ್ಷಗಳಿಂದ ಒಂದೇ ಮನೆಯಲ್ಲಿರುವ ಕುಟುಂಬ ಇದು. ಅಷ್ಟು ದಿನ ನಿಂತ ಮನೆಯ ಲೆಕ್ಕದ ಪುಸ್ತಕದಲ್ಲಿ ಜಮೆಯೂ ಇರುತ್ತೆ, ಬಾಕಿಯೂ ಇರುತ್ತೆ.

ಜಮೀನು ಬಂದ ದಾರಿ

ಬರ್ ಎನ್ನುವ ಊರು ಇರುವುದು ಡಬ್ಲಿನ್‌ನಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿ, ಇವತ್ತಿನ ಆಫಲಿ ಕೌಂಟಿಯಲ್ಲಿ. ಹಿಂದೆ ಅದು ಓ'ಕ್ಯಾರಲ್ ಎಂಬ ಐರಿಷ್ ಪಾಳೆಯಗಾರರ ನಾಡು. ಕೋಟೆಯೂ ಅವರದೇ.

17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದೊರೆಗಳು ಐರಿಷ್ ಮನೆತನಗಳ ಜಮೀನು ಕಿತ್ತುಕೊಂಡು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ಬಂದವರಿಗೆ ಹಂಚುತ್ತಿದ್ದರು. ಅದಕ್ಕೆ ಪ್ಲಾಂಟೇಶನ್ ಅಂತ ಹೆಸರು. ಕಾಫಿ ತೋಟ ಅಂದುಕೊಳ್ಳಬೇಡಿ. ಇಲ್ಲಿ ನೆಟ್ಟದ್ದು ಜನರನ್ನು. ಹಾಗೆ 1620ರಲ್ಲಿ ಬರ್ ಸಿಕ್ಕಿದ್ದು ಲಾರೆನ್ಸ್ ಪಾರ್ಸನ್ಸ್ ಎಂಬ ಇಂಗ್ಲಿಷ್ ಅಧಿಕಾರಿಗೆ. ಆತನ ಅಣ್ಣ ವಿಲಿಯಂ ಐರ್ಲೆಂಡಿನ ಸರ್ವೇಯರ್ ಜನರಲ್. ಜಮೀನು ಅಳೆಯುವ ಇಲಾಖೆಯ ಮುಖ್ಯಸ್ಥ ಮನೆಯವನೇ ಆಗಿದ್ದರೆ ಏನು ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಲಾರೆನ್ಸ್ ಹಳೆಯ ಕೋಟೆಯ ಹೆಬ್ಬಾಗಿಲ ಕಟ್ಟಡವನ್ನೇ ಮನೆಯಾಗಿ ಬೆಳೆಸಿದ. ಇವತ್ತು ಕಾಣುವ ಕ್ಯಾಸಲ್‌ನ ಒಡಲು ಅದೇ. ಊರಿಗೆ ಕಟ್ಟಳೆ ಮಾಡಿದ. ಬೀದಿಗೆ ಕಸ ಎಸೆದರೆ ದಂಡ ಎನ್ನುವುದೂ ಅದರಲ್ಲಿತ್ತು. ನಿಧಾನಕ್ಕೆ ಊರಿನ ಹೆಸರೇ ಪಾರ್ಸನ್ಸ್‌ಟೌನ್ ಆಯಿತು. ಕೌಂಟಿಯ ಹೆಸರು ಕಿಂಗ್ಸ್ ಕೌಂಟಿ. ಹೆಸರು ಬದಲಾದರೆ ಒಡೆತನ ಬದಲಾದದ್ದು ಗಟ್ಟಿ ಆಗುತ್ತೆ ಅನ್ನೋದು ಎಲ್ಲ ಕಾಲದ ಒಡೆಯರಿಗೂ ಗೊತ್ತು.

ಕಳೆದುಕೊಂಡವರು ಏನಾದರು? ಅದೇ ಸೀಮೆಯ ಓ'ಕ್ಯಾರಲ್ ವಂಶದ ಒಬ್ಬ ಯುವಕ 1688ರಲ್ಲಿ ಅಮೆರಿಕಕ್ಕೆ ಹೋದ. ಆತನ ಮೊಮ್ಮಗ ಚಾರ್ಲ್ಸ್ ಕ್ಯಾರಲ್ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕ್ಯಾಥೊಲಿಕ್. ಅಜ್ಜನ ಊರಲ್ಲಿ ಆ ದೊರೆಯ ಮನೆತನ ಕಿತ್ತುಕೊಂಡದ್ದಕ್ಕೆ ಮೊಮ್ಮಗ ಕಡಲಾಚೆ ಉತ್ತರ ಕೊಟ್ಟ ಅನ್ನಬಹುದಿತ್ತು. ಆದರೆ ಆತನೂ ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದ ಭಾರೀ ಭೂಮಾಲೀಕ. ಇತಿಹಾಸದಲ್ಲಿ ಪಾತ್ರಗಳು ಸಿನಿಮಾದ ಹಾಗೆ ಕಪ್ಪು–ಬಿಳುಪಾಗಿ ಸಿಗಲ್ಲ.

ಬರ್‌ನಲ್ಲಿ ಪಾರ್ಸನ್ಸರಿಗೂ ಆರಾಮ ಇರಲಿಲ್ಲ. 1640ರ ದಶಕದ ದಂಗೆಯಲ್ಲಿ ಕೋಟೆಗೆ ಮುತ್ತಿಗೆ ಬಿತ್ತು, 1690ರಲ್ಲಿ ಮತ್ತೆ. ಅದಕ್ಕೂ ಸ್ವಲ್ಪ ಮುಂಚೆ ಕುಟುಂಬದ ಯಜಮಾನ ತನ್ನದೇ ಕೋಟೆಯಲ್ಲಿ ಕೈದಿಯಾಗಿದ್ದ. ಹೇಗೋ ಮನೆತನ ಉಳಿದುಕೊಂಡಿತು. 1807ರಲ್ಲಿ ಚಿಕ್ಕಪ್ಪನಿಂದ ‘ಅರ್ಲ್ ಆಫ್ ರಾಸ್’ ಎಂಬ ಬಿರುದೂ ಈ ಮನೆಗೆ ಬಂತು.

ಬಿರುದು ಪಡೆದವನ ಹೆಸರೂ ಲಾರೆನ್ಸ್. ಐರ್ಲೆಂಡಿನ ಸ್ವಂತ ಪಾರ್ಲಿಮೆಂಟನ್ನು ಮುಚ್ಚಿ ಲಂಡನ್ ಪಾರ್ಲಿಮೆಂಟಿಗೆ ಸೇರಿಸುವ 1800ರ ಕಾಯ್ದೆಯನ್ನು ಆತ ಗಟ್ಟಿಯಾಗಿ ವಿರೋಧಿಸಿದ್ದ. ಸೋತ ಮೇಲೆ ರಾಜಕೀಯದ ಮೇಲಿನ ಆಸೆ ಬಿಟ್ಟು ಬರ್‌ಗೆ ಮರಳಿದ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಿದ. ಹಾಗೆ ಮನೆಯಲ್ಲಿ ಓದಿದ ಹಿರಿಮಗನೇ ನಮ್ಮ ಟೆಲಿಸ್ಕೋಪಿನ ವಿಲಿಯಂ.

ಹಿತ್ತಲಲ್ಲೊಂದು ಕುಲುಮೆ

ವಿಲಿಯಂ ಪಾರ್ಸನ್ಸ್ ಹುಟ್ಟಿದ್ದು 1800ರಲ್ಲಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜು, ಆಮೇಲೆ ಆಕ್ಸ್‌ಫರ್ಡ್. ಗಣಿತದಲ್ಲಿ ಮೊದಲ ದರ್ಜೆ. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಎಂಪಿ. ಅಪ್ಪನಿಗೆ ಜಮೀನಿದೆ, ಬಿರುದಿದೆ. ಕುದುರೆ ಓಡಿಸಿಕೊಂಡು, ಬೇಟೆ ಆಡಿಕೊಂಡು ಜೀವನ ಕಳೆದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆತನ ಜೊತೆಯವರು ಹೆಚ್ಚಿನವರು ಅದನ್ನೇ ಮಾಡಿದರು.

ಈತ 1834ರಲ್ಲಿ ಪಾರ್ಲಿಮೆಂಟ್ ಬಿಟ್ಟು, ಕನ್ನಡಿ ಎರಕ ಹೊಯ್ಯುವ ಕೆಲಸಕ್ಕೆ ಪೂರ್ತಿ ಕೂತ.

ಆ ಕಾಲದ ದೊಡ್ಡ ಟೆಲಿಸ್ಕೋಪಿನ ಕನ್ನಡಿ ಗಾಜಿನದಲ್ಲ, ಲೋಹದ್ದು. ಹೆಚ್ಚುಕಡಿಮೆ ಎರಡು ಪಾಲು ತಾಮ್ರ, ಒಂದು ಪಾಲು ತವರ. ಈ ಬೆರಕೆ ಬೆಳ್ಳಿಯಂತೆ ಹೊಳೆಯುತ್ತೆ, ಆದರೆ ಗಾಜಿಗಿಂತ ಕಡೆ: ಬಿಸಿ ಆರುವಾಗ ಒಂದು ಕಡೆ ಬೇಗ, ಒಂದು ಕಡೆ ನಿಧಾನ ಆದರೆ ಸೀಳಿಹೋಗುತ್ತೆ. ಹಿಂದಿನ ತಲೆಮಾರಿನ ಮಹಾ ಖಗೋಳಜ್ಞ ವಿಲಿಯಂ ಹರ್ಷೆಲ್ ದೊಡ್ಡ ಕನ್ನಡಿಗಳನ್ನು ಮಾಡಿದ್ದ, ಆದರೆ ವಿಧಾನವನ್ನು ಪ್ರಕಟಿಸಿರಲಿಲ್ಲ. ಅಂದರೆ ವಿಲಿಯಂ ಎಲ್ಲವನ್ನೂ ಮೊದಲಿಂದ ಕಂಡುಹಿಡಿಯಬೇಕಿತ್ತು.

ಕೆಲಸದವರನ್ನು ಲಂಡನ್ನಿನಿಂದ ಕರೆಸಲಿಲ್ಲ. ಬರ್ ಊರಿನ ಬಡಗಿ, ಕಮ್ಮಾರರಿಗೇ ಕಲಿಸಿದ. ಕಲ್ಲಿದ್ದಲಿನ ಬದಲು ಐರ್ಲೆಂಡಿನ ಜೌಗುನೆಲದಿಂದ ಕತ್ತರಿಸಿ ಒಣಗಿಸಿದ ಪೀಟ್ ಹೆಂಟೆಗಳನ್ನೇ ಕುಲುಮೆಗೆ ಹಾಕಿದ. ಬಡವರ ಗುಡಿಸಲಿನ ಒಲೆಯಲ್ಲಿ ಉರಿಯುತ್ತಿದ್ದದ್ದೂ ಅದೇ ಪೀಟ್. ಕನ್ನಡಿ ಉಜ್ಜಿ ನಯ ಮಾಡಲು ಉಗಿ ಎಂಜಿನ್‌ನಿಂದ ನಡೆಯುವ ಯಂತ್ರ ಮಾಡಿಸಿದ. ಮತ್ತೆ, ಹರ್ಷೆಲ್ ಮಾಡದ ಕೆಲಸ ಒಂದನ್ನು ಮಾಡಿದ: ತನ್ನ ವಿಧಾನಗಳನ್ನೆಲ್ಲ ಬರೆದು ಪ್ರಕಟಿಸಿಬಿಟ್ಟ. ಈಗಿನ ಮಾತಲ್ಲಿ ಹೇಳೋದಾದರೆ ಓಪನ್ ಸೋರ್ಸ್.

1839ರ ಹೊತ್ತಿಗೆ 3 ಅಡಿಯ ಕನ್ನಡಿ ಸಿದ್ಧ. ಅದರಲ್ಲಿ ನೋಡಿ ಬರೆದ ಒಂದು ಚಿತ್ರ ಏಡಿಯಂತೆ ಕಂಡದ್ದರಿಂದಲೇ ಕ್ರ್ಯಾಬ್ ನೆಬ್ಯುಲಾ ಎಂಬ ಹೆಸರು ಬಂದದ್ದು. ಅಲ್ಲಿಗೂ ನಿಲ್ಲಲಿಲ್ಲ. 1842ರ ಏಪ್ರಿಲ್ 13ರ ರಾತ್ರಿ 6 ಅಡಿಯ ಕನ್ನಡಿ ಎರಕ ಹೊಯ್ದರು. ಮೂರು ಮೂಸೆಗಳಿಂದ ಒಟ್ಟಿಗೆ ಲೋಹ ಸುರಿದು, ಆಮೇಲೆ ಒಲೆಯೊಳಗಿಟ್ಟು 16 ವಾರ ನಿಧಾನಕ್ಕೆ ಆರಿಸಿದರು. ತೂಕ ಸುಮಾರು 3 ಟನ್. ಒಂದೇ ಸಲಕ್ಕೆ ಎಲ್ಲವೂ ಕೈಗೂಡಲಿಲ್ಲ. ಒಡೆದವು, ಮತ್ತೆ ಹೊಯ್ದರು. ಲೋಹದ ಕನ್ನಡಿ ತೇವದಲ್ಲಿ ಬೇಗ ಮಂಕಾಗುವುದರಿಂದ ಎರಡು ಬೇಕಿತ್ತು: ಒಂದು ಟೆಲಿಸ್ಕೋಪಿನಲ್ಲಿ, ಇನ್ನೊಂದು ಉಜ್ಜುವ ಯಂತ್ರದ ಮೇಲೆ.

ಕೊಳವೆ 50 ಅಡಿಗೂ ಉದ್ದ. ಅದನ್ನು ತೂಗುಹಾಕಲು ಸುಮಾರು 70 ಅಡಿ ಉದ್ದದ ಎರಡು ಕಲ್ಲಿನ ಗೋಡೆಗಳು. ಉದ್ಘಾಟನೆಗೆ ಬಂದ ಒಬ್ಬ ಪಾದ್ರಿ ಕೊಡೆ ಬಿಚ್ಚಿ ಹಿಡಿದುಕೊಂಡೇ ಕೊಳವೆಯೊಳಗೆ ನಡೆದುಹೋದನಂತೆ. ಜನ ಅದಕ್ಕೆ ‘ಪಾರ್ಸನ್ಸ್‌ಟೌನಿನ ಲೆವಯಥನ್’ ಅಂತ ಹೆಸರಿಟ್ಟರು. ಲೆವಯಥನ್ ಅಂದರೆ ಬೈಬಲ್‌ನಲ್ಲಿ ಬರುವ ಕಡಲ ದೈತ್ಯ. 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 100 ಇಂಚಿನ ಹೂಕರ್ ಟೆಲಿಸ್ಕೋಪ್ ಕೆಲಸ ಶುರುಮಾಡುವವರೆಗೂ ಇಷ್ಟು ಅಗಲದ ಟೆಲಿಸ್ಕೋಪನ್ನು ಜಗತ್ತಿನಲ್ಲಿ ಯಾರೂ ಬಳಕೆಗೆ ತರಲಿಲ್ಲ.

ಒಂದೇ ತೊಂದರೆ. ಐರ್ಲೆಂಡಿನ ಆಕಾಶ! ಮೋಡ, ಮಳೆ, ಮತ್ತೆ ಮೋಡ. ಅದರ ಮೇಲೆ, ಗೋಡೆಗಳ ನಡುವೆ ಸಿಕ್ಕಿಕೊಂಡ ಕೊಳವೆ ಮೇಲೆ ಕೆಳಗೆ ಚೆನ್ನಾಗಿ ಆಡುತ್ತಿತ್ತು, ಅಕ್ಕಪಕ್ಕ ಸ್ವಲ್ಪವೇ. ಯಾವ ಕಾಯವನ್ನಾದರೂ ರಾತ್ರಿಗೆ ಒಂದು ಗಂಟೆಯ ಆಸುಪಾಸು ನೋಡಲು ಸಿಕ್ಕರೆ ಪುಣ್ಯ.

ಅಂಥ ಒಂದು ಗಂಟೆಯಲ್ಲೇ ಎಂ51 ಎಂಬ ಮಸುಕು ಬೆಳಕಿನಲ್ಲಿ ವಿಲಿಯಂಗೆ ಸುರುಳಿ ಕಂಡದ್ದು. ಕ್ಯಾಮೆರಾದಲ್ಲಿ ಹಿಡಿಯುವ ತಂತ್ರ ಇನ್ನೂ ಇರಲಿಲ್ಲ. ಕತ್ತಲಲ್ಲಿ ಕಣ್ಣಿಟ್ಟು, ಕೈಯಿಂದ ಬರೆದ. ಅದು ನಮ್ಮ ಆಕಾಶಗಂಗೆಯ ಆಚೆಗಿರುವ ಇನ್ನೊಂದು ನಕ್ಷತ್ರಲೋಕ ಅಂತ ಆಗ ಯಾರಿಗೂ ಗೊತ್ತಿಲ್ಲ. ಅದು ಖಚಿತವಾದದ್ದು 1920ರ ದಶಕದಲ್ಲಿ, ಎಡ್ವಿನ್ ಹಬಲ್‌ನಿಂದ. ವಿಲಿಯಂನ ಎಲ್ಲ ತೀರ್ಮಾನವೂ ನಿಲ್ಲಲಿಲ್ಲ. ಓರಿಯನ್ ನಿಹಾರಿಕೆಯೂ ಬರೀ ನಕ್ಷತ್ರಗಳ ಗುಂಪು ಅಂತ ಆತ ನಂಬಿದ್ದ, ಅದು ಅನಿಲದ ಮೋಡ ಅಂತ ಆಮೇಲೆ ತಿಳಿಯಿತು. ಆದರೆ ಆ ಸುರುಳಿ ನಿಂತಿತು.

ಹೊಲದಲ್ಲಿ ಕೊಳೆತದ್ದು

ಈಗ ಲೆಕ್ಕದ ಪುಸ್ತಕದ ಇನ್ನೊಂದು ಪುಟ.

ಐರ್ಲೆಂಡಿನ ಬಡ ಒಕ್ಕಲುಗಳಿಗೆ ಆಲೂಗಡ್ಡೆಯೇ ಬೆಳಗ್ಗೆ, ಆಲೂಗಡ್ಡೆಯೇ ರಾತ್ರಿ. ಗೋಧಿ, ಓಟ್ಸ್, ದನ ಎಲ್ಲ ಗೇಣಿ ಕಟ್ಟಲು ಮಾರಾಟಕ್ಕೆ; ತುಂಡು ನೆಲದಲ್ಲಿ ಹೊಟ್ಟೆ ತುಂಬುವಷ್ಟು ಬೆಳೆಯುವುದು ಆಲೂಗಡ್ಡೆ ಒಂದೇ. ಅದಕ್ಕೆ ರೋಗ ಬಿದ್ದಾಗ ಬೇರೆ ದಾರಿ ಇರಲಿಲ್ಲ. 1841ರಲ್ಲಿ ಸುಮಾರು 82 ಲಕ್ಷ ಇದ್ದ ದೇಶದ ಜನಸಂಖ್ಯೆ 1851ರ ಹೊತ್ತಿಗೆ 65 ಲಕ್ಷದ ಹತ್ತಿರಕ್ಕೆ ಇಳಿಯಿತು. ಸತ್ತವರಷ್ಟೇ ಜನ ಹಡಗು ಹತ್ತಿ ಹೋದರು.

ಹಸಿದವರ ದೇಶದಿಂದಲೇ ಧಾನ್ಯ ಹೊರಗೆ ಹೋಗುತ್ತಿತ್ತು. ಎಷ್ಟೋ ಜಮೀನ್ದಾರರು ಗೇಣಿ ಕಟ್ಟದವರ ಗುಡಿಸಲಿನ ಸೂರು ಕೀಳಿಸಿ ಬೀದಿಗೆ ಹಾಕಿದರು. ಎಷ್ಟೋ ಜನ ಒಡೆಯರು ಲಂಡನ್ನಿನಲ್ಲಿ ಕೂತಿದ್ದರು. ಊರಿನ ಮುಖವನ್ನೇ ನೋಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ 1841ರಿಂದ ವಿಲಿಯಂ ಮೂರನೇ ಅರ್ಲ್. ಆತ ಊರಲ್ಲೇ ಇದ್ದ. ಜಗತ್ತಿನ ಅತಿ ದೊಡ್ಡ ಟೆಲಿಸ್ಕೋಪ್ ಕೈಯಲ್ಲಿದ್ದು, ಆಗಷ್ಟೇ ದೊಡ್ಡ ಶೋಧ ಮಾಡಿದ್ದು, ಆದರೂ ವೀಕ್ಷಣೆ ನಿಲ್ಲಿಸಿದ. 1848ರವರೆಗೆ ಅದು ಹೆಚ್ಚುಕಡಿಮೆ ಸುಮ್ಮನೆ ನಿಂತಿತ್ತು. ಗೇಣಿಯಿಂದ ಬಂದದ್ದರಲ್ಲಿ ದೊಡ್ಡ ಪಾಲು ಪರಿಹಾರದ ಕೆಲಸಕ್ಕೆ ಹೋಯಿತು. ಕ್ಯಾಸಲ್ ಸುತ್ತ ನಕ್ಷತ್ರದಾಕಾರದ ಕಂದಕ, ಗೋಡೆ ಕಟ್ಟಿಸುವ ಕೆಲಸ ತೆಗೆದು ನೂರಾರು ಗಂಡಸರಿಗೆ ಕೂಲಿ ಕೊಟ್ಟರು. ಯುದ್ಧಕ್ಕಲ್ಲ, ಕೂಲಿಗಾಗಿಯೇ ಎದ್ದ ಕೋಟೆಗೋಡೆ ಅದು, ಇವತ್ತೂ ಇದೆ.

ಇಷ್ಟಕ್ಕೆ ಆತನನ್ನು ದೇವರು ಮಾಡಬೇಕಿಲ್ಲ. ವಿಲಿಯಂ ಜಮೀನ್ದಾರಿಯ ವಿರೋಧಿ ಆಗಿರಲಿಲ್ಲ. ಸಾಯುವ ವರ್ಷ, 1867ರಲ್ಲಿ, ಒಡೆಯ–ಒಕ್ಕಲು ಸಂಬಂಧದ ಬಗ್ಗೆ ಬರೆದ ಪುಸ್ತಕದಲ್ಲೂ ಒಡೆಯರ ಪರವೇ ಮಾತಾಡಿದ. ಪದ್ಧತಿಯೇ ತಪ್ಪು ಎನ್ನುವುದು ಆತನಿಗೆ ಕಾಣಲಿಲ್ಲ. ಕೋಟ್ಯಂತರ ಜ್ಯೋತಿರ್ವರ್ಷ ದೂರದ್ದು ಕಂಡ ಕಣ್ಣಿಗೆ ಕಾಲಡಿಯ ನೆಲದ ಪ್ರಶ್ನೆ ಪೂರ್ತಿ ಕಾಣಲಿಲ್ಲ. ಆದರೆ ಎದುರಿಗೆ ಹಸಿದು ನಿಂತವರು ಕಂಡರು. ಆ ಕಾಲದ ಎಷ್ಟೋ ಒಡೆಯರಿಗೆ ಅಷ್ಟೂ ಕಾಣಲಿಲ್ಲ ಅನ್ನೋದೂ ನಿಜ.

ಮೇರಿಯ ಪೆಟ್ಟಿಗೆ

ಹಾಗಾದರೆ ಟೆಲಿಸ್ಕೋಪಿಗೆ ದುಡ್ಡು ಎಲ್ಲಿಂದ ಬಂತು? ಖರ್ಚು ಸುಮಾರು 12,000 ಪೌಂಡ್ ಅಂತ ಹೇಳುತ್ತಾರೆ. ಆ ಕಾಲಕ್ಕೆ ಭಾರೀ ಮೊತ್ತ. ಗೇಣಿಯೊಂದರಿಂದಲೇ ಇದೆಲ್ಲ ಆಗುತ್ತಿರಲಿಲ್ಲ.

1836ರಲ್ಲಿ ವಿಲಿಯಂ ಮದುವೆಯಾದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮೇರಿ ಫೀಲ್ಡ್ ಎಂಬ ಶ್ರೀಮಂತರ ಮಗಳನ್ನು. ಅಪ್ಪನ ಆಸ್ತಿಗೆ ಇಬ್ಬರೇ ಹೆಣ್ಣುಮಕ್ಕಳು ವಾರಸುದಾರರು. ಗಂಡನ ತಾಮ್ರ–ತವರದ ಹುಚ್ಚಿಗೆ ಆಧಾರವಾಗಿ ನಿಂತದ್ದು ಹೆಂಡತಿಯ ತವರಿನ ದುಡ್ಡು. 1882ರ ಕಾನೂನು ಬರುವವರೆಗೂ ಮದುವೆಯಾದ ಹೆಂಗಸಿನ ಆಸ್ತಿ ಮೇಲೆ ಗಂಡನದೇ ಹಿಡಿತ ಹೆಚ್ಚು. ಆದ್ದರಿಂದ ಖಗೋಳ ಪುಸ್ತಕಗಳಲ್ಲಿ ‘ಲಾರ್ಡ್ ರಾಸ್ ಟೆಲಿಸ್ಕೋಪ್’ ಇದೆ, ಲೇಡಿ ರಾಸ್ ಹೆಸರಿನದು ಇಲ್ಲ.

ಮೇರಿ ಬರೀ ದುಡ್ಡು ಕೊಟ್ಟು ಕೂತವಳಲ್ಲ. ಕಬ್ಬಿಣದ ಕೆಲಸ ಕಲಿತಿದ್ದಳು. ಕ್ಯಾಸಲ್‌ನ ಗೇಟುಗಳ ವಿನ್ಯಾಸ ಆಕೆಯದು. ಬರಗಾಲದ ಕಾಲದ ಆ ಕಟ್ಟಡ ಕೆಲಸಗಳ ಹಿಂದೆಯೂ ಆಕೆ ಇದ್ದಳು. ಕಂದಕ–ಗೋಡೆಯ ನಕ್ಷೆ ಮಾಡಿಕೊಟ್ಟವನು ಆಕೆಯ ಬಂಧು. 11 ಮಕ್ಕಳನ್ನು ಹೆತ್ತಳು. ದೊಡ್ಡವರಾಗುವವರೆಗೆ ಉಳಿದದ್ದು ನಾಲ್ಕು ಗಂಡುಮಕ್ಕಳು. ಆ ಒಂದು ಸಾಲನ್ನು ಬೇಗ ಓದಿ ಮುಂದೆ ಹೋಗಬೇಡಿ. ಕ್ಯಾಸಲ್ ಇದ್ದರೂ, ಅರ್ಲ್ ಹೆಂಡತಿ ಆದರೂ, ಏಳು ಸಲ ಆ ತಾಯಿ ಕಳೆದುಕೊಂಡಳು.

1850ರ ದಶಕದಲ್ಲಿ ಆಕೆ ಹೊಸ ವಿದ್ಯೆಯೊಂದನ್ನು ಹಿಡಿದಳು: ಫೋಟೊಗ್ರಫಿ. ಕ್ಯಾಸಲ್ ಒಳಗೇ ಡಾರ್ಕ್‌ರೂಂ ಮಾಡಿಕೊಂಡಳು. ಮಕ್ಕಳು, ನೆಂಟರು, ಕೆಲಸದ ಅಂಗಳ, ಎಲ್ಲಕ್ಕಿಂತ ಹೆಚ್ಚಾಗಿ ಆ ಟೆಲಿಸ್ಕೋಪನ್ನು ಬೇರೆ ಬೇರೆ ದಿಕ್ಕಿನಿಂದ ತೆಗೆದಳು. 1859ರಲ್ಲಿ ಐರ್ಲೆಂಡಿನ ಫೋಟೊಗ್ರಫಿ ಸಂಘ ಬೆಳ್ಳಿ ಪದಕ ಕೊಟ್ಟಿತು. ಆಕೆ ತೀರಿಕೊಂಡ ಮೇಲೆ ಆ ಕೋಣೆ ಬಾಟಲಿ, ತಟ್ಟೆ, ಔಷಧಗಳ ಸಮೇತ ಬಹಳ ಕಾಲ ಹಾಗೇ ಉಳಿದುಬಿಟ್ಟಿತ್ತು. ಆ ಫೋಟೊಗಳ ಬೆಲೆ ಗೊತ್ತಾಗಲು ಇನ್ನೂ 100 ವರ್ಷಕ್ಕೂ ಹೆಚ್ಚು ಬೇಕಿತ್ತು. ಅಲ್ಲಿಗೆ ಆಮೇಲೆ ಬರೋಣ.

ಒಂದು ತಿರುವು, ಒಂದು ಸಾವು

ಈ ಮನೆಗೆ ಬಂದುಹೋಗುತ್ತಿದ್ದ ಇನ್ನೊಬ್ಬ ಮೇರಿ ಇದ್ದಳು. ಹತ್ತಿರದ ಬ್ಯಾಲಿಲಿನ್‌ನ ಮೇರಿ ವಾರ್ಡ್, ವಿಲಿಯಂನ ಸೋದರಸಂಬಂಧಿ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಆಕೆ ಮನೆಯಲ್ಲೇ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೀಟಗಳ ರೆಕ್ಕೆ, ಮೀನಿನ ಹುರುಪೆ ನೋಡಿ ಬಿಡಿಸುತ್ತಿದ್ದಳು. ಲೆವಯಥನ್ ಕಟ್ಟುವಾಗ ಅದರ ಚಿತ್ರಗಳನ್ನೂ ಬರೆದವಳು. 1857ರಲ್ಲಿ ತನ್ನ ಪುಸ್ತಕದ 250 ಪ್ರತಿಗಳನ್ನು ಪಾರ್ಸನ್ಸ್‌ಟೌನ್‌ನಲ್ಲೇ ತಾನೇ ಅಚ್ಚು ಹಾಕಿಸಿದಳು. ಆಮೇಲೆ ಲಂಡನ್ನಿನ ಪ್ರಕಾಶಕರೇ ಮುಂದೆ ಬಂದರು.

1869ರ ಆಗಸ್ಟ್ 31. ವಿಲಿಯಂನ ಗಂಡುಮಕ್ಕಳು ಮನೆಯ ಕಾರ್ಯಾಗಾರದ ಒಂದು ಉಗಿ ಗಾಡಿಯನ್ನು ರಸ್ತೆಯಲ್ಲಿ ಓಡಿಸುತ್ತಿದ್ದರು. ಮೇರಿ ವಾರ್ಡ್, ಆಕೆಯ ಗಂಡ ಅದರಲ್ಲಿ ಕೂತಿದ್ದರು. ಊರಿನ ಚರ್ಚ್ ಹತ್ತಿರದ ತಿರುವಿನಲ್ಲಿ ಗಾಡಿ ಕುಲುಕಿದಾಗ ಆಕೆ ಕೆಳಗೆ ಬಿದ್ದಳು, ಚಕ್ರ ಮೇಲೆ ಹರಿಯಿತು. ವಯಸ್ಸು 42. ಜಗತ್ತಿನಲ್ಲಿ ಮೋಟಾರು ವಾಹನಕ್ಕೆ ಸಿಕ್ಕಿ ಸತ್ತವರಲ್ಲಿ ದಾಖಲೆಯಿರುವ ಮೊದಲಿಗಳು ಅಂತ ಆಕೆಯನ್ನು ಈಗ ಗುರುತಿಸುತ್ತಾರೆ. ಕೀಟದ ಕಣ್ಣಿನ ಸೂಕ್ಷ್ಮ ಚಿತ್ರ ಬರೆದವಳು ಅಂತ ನೆನಪಿಡುವವರು ಕಡಿಮೆ. ಗೂಗಲ್ ಮಾಡಿದರೂ ಮೊದಲು ಬರೋದು ಆಕೆಯ ಸಾವೇ.

ಕಿರಿಮಗನ ಚಕ್ರ

ಆ ಗಾಡಿಯಲ್ಲಿದ್ದ ಹುಡುಗರಲ್ಲಿ ಒಬ್ಬ ಕಿರಿಮಗ ಚಾರ್ಲ್ಸ್. ಆಗ 15 ವರ್ಷ. ಈತನೂ ಶಾಲೆಗೆ ಹೋದವನಲ್ಲ. ಪಾಠ ಹೇಳಲು ಮನೆಗೆ ಬರುತ್ತಿದ್ದವರು ಅಪ್ಪನ ಟೆಲಿಸ್ಕೋಪಿನ ಸಹಾಯಕರು. ಮುಂದೆ ದೊಡ್ಡ ಖಗೋಳಜ್ಞನಾದ ರಾಬರ್ಟ್ ಬಾಲ್ ಅವರಲ್ಲಿ ಒಬ್ಬ. ಪಾಠ ಮುಗಿದರೆ ಕಾರ್ಯಾಗಾರ. ಅರ್ಲ್ ಮಗ ಕೈಗೆ ಮಸಿ ಮೆತ್ತಿಕೊಂಡು ಲೇಥ್ ಮುಂದೆ ನಿಲ್ಲುವುದು ಆ ಕಾಲಕ್ಕೆ ಅಪರೂಪವೇ.

ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದ ಮೇಲೆ ಆತ ಮಾಡಿದ್ದು ಮನೆತನಕ್ಕೆ ಸಲ್ಲದ ಕೆಲಸ: ನ್ಯೂಕಾಸಲ್‌ನ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದ. 1884ರಲ್ಲಿ ಸ್ಟೀಮ್ ಟರ್ಬೈನ್ ಮಾಡಿದ. ಅಲ್ಲಿಯವರೆಗೆ ಉಗಿ ಕೊಳಬಿಯನ್ನು ಹಿಂದೆ ಮುಂದೆ ತಳ್ಳುತ್ತಿತ್ತು. ಚಾರ್ಲ್ಸ್ ಅದೇ ಉಗಿಯನ್ನು ಸಾಲು ಸಾಲು ಅಲಗುಗಳ ಮೇಲೆ ಹಂತಹಂತವಾಗಿ ಹಾಯಿಸಿ, ನೇರವಾಗಿ ತಿರುಗುವ ಶಕ್ತಿ ಪಡೆದ. ಮೊದಲ ಯಂತ್ರ ನಿಮಿಷಕ್ಕೆ 18,000 ಸುತ್ತು ತಿರುಗಿತು.

ನೌಕಾಪಡೆ ಮೊದಲು ಅಷ್ಟಾಗಿ ಆಸಕ್ತಿ ತೋರಿಸಲಿಲ್ಲ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಬ್ರಿಟನ್ನಿನ ಹಡಗುಗಳೆಲ್ಲ ಸಾಲಾಗಿ ನಿಂತಿದ್ದಾಗ, ಚಾರ್ಲ್ಸ್ ತನ್ನ ‘ಟರ್ಬಿನಿಯಾ’ ಎಂಬ ಪುಟ್ಟ ದೋಣಿಯನ್ನು ಅವುಗಳ ನಡುವೆ ನುಗ್ಗಿಸಿದ. ಹಿಡಿಯಲು ಹೋದ ಕಾವಲು ದೋಣಿಗಳ ಕೈಗೆ ಸಿಗಲೇ ಇಲ್ಲ. ಅದರ ವೇಗ 34 ನಾಟ್, ಅಂದರೆ ಗಂಟೆಗೆ 60 ಕಿಲೋಮೀಟರ್‌ಗೂ ಹೆಚ್ಚು. ಇದಕ್ಕಿಂತ ಒಳ್ಳೆಯ ಡೆಮೊ ಯಾವ ಸ್ಟಾರ್ಟಪ್ ಕೊಟ್ಟಿದೆ ಹೇಳಿ? ಒಂಬತ್ತು ವರ್ಷದಲ್ಲಿ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್ ಟರ್ಬೈನ್ ಮೇಲೆಯೇ ಓಡುತ್ತಿತ್ತು.

ಇದು ದೂರದ ಕಥೆ ಅನಿಸಿದರೆ ನೀವು ಹಿಡಿದಿರುವ ಫೋನನ್ನೇ ನೋಡಿ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯಲಿ, ಕೈಗಾದಲ್ಲಿ ಅಣು ಸೀಳಲಿ, ಕೊನೆಗೆ ಆಗುವುದು ನೀರು ಕುದಿದು ಉಗಿಯಾಗಿ ಟರ್ಬೈನ್ ತಿರುಗಿಸುವುದೇ. ಯಂತ್ರಗಳು ಬಹಳ ಸುಧಾರಿಸಿವೆ. ಆದರೆ ಬರ್ ಕ್ಯಾಸಲ್‌ನ ಕಿರಿಮಗ ತೋರಿಸಿಕೊಟ್ಟ ಮೂಲ ಉಪಾಯ ಈ ಫೋನಿನ ಚಾರ್ಜಿಂಗ್‌ವರೆಗೂ ಬಂದಿದೆ.

ಬೀಳುವ ಕಾಲ

ಹಿರಿಮಗ ಲಾರೆನ್ಸ್ ನಾಲ್ಕನೇ ಅರ್ಲ್ ಆದ. ಚಂದ್ರನಿಂದ ಭೂಮಿಗೆ ಎಷ್ಟು ಶಾಖ ಬರುತ್ತೆ ಅಂತ ಅಳೆದವನು ಆತ. ಆತನ ಸಹಾಯಕನಾಗಿದ್ದ ಡ್ರೇಯರ್ ಎಂಬ ಡೇನಿಷ್ ಯುವಕ 1888ರಲ್ಲಿ ಪ್ರಕಟಿಸಿದ ಆಕಾಶಕಾಯಗಳ ಪಟ್ಟಿಯ ಎನ್‌ಜಿಸಿ ಸಂಖ್ಯೆಗಳನ್ನು ಖಗೋಳಜ್ಞರು ಇವತ್ತೂ ಬಳಸುತ್ತಾರೆ. ಆದರೆ 1908ರಲ್ಲಿ ಆತ ತೀರಿಕೊಂಡ ಮೇಲೆ ಲೆವಯಥನ್ ಮೂಲೆಗೆ ಬಿತ್ತು. ಒಂದು ಕನ್ನಡಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಸೇರಿತು. ಮರದ ಕೊಳವೆ ಮಳೆಯಲ್ಲಿ ನೆನೆಯಿತು.

ಅದಾಗಲೇ ಗೇಣಿಯ ಕಾಲ ಮುಗಿಯುತ್ತಿತ್ತು. ದಶಕಗಳ ರೈತ ಹೋರಾಟದ ನಂತರ 1903ರ ಕಾಯ್ದೆ ಬಂತು. ಒಕ್ಕಲುಗಳು ಸರ್ಕಾರದ ಸಾಲದಿಂದ ತಾವು ಉಳುತ್ತಿದ್ದ ನೆಲವನ್ನು ಕೊಂಡುಕೊಂಡರು. ಐದನೇ ಅರ್ಲ್ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು 1918ರಲ್ಲಿ ಸತ್ತಾಗ ವಾರಸುದಾರ ಇನ್ನೂ 11 ವರ್ಷದ ಹುಡುಗ.

ಆಮೇಲೆ ಸ್ವಾತಂತ್ರ್ಯ ಸಮರ, ಅದರ ಬೆನ್ನಿಗೆ ಅಂತರ್ಯುದ್ಧ. 1920ರಿಂದ 1923ರ ನಡುವೆ ಐರ್ಲೆಂಡಿನಲ್ಲಿ 200ಕ್ಕೂ ಹೆಚ್ಚು ಜಮೀನ್ದಾರಿ ಬಂಗಲೆಗಳಿಗೆ ಬೆಂಕಿ ಬಿತ್ತು. ಬರ್ ಕ್ಯಾಸಲ್ ಉಳಿಯಿತು. ಆದರೆ ಕೈ ತೊಳೆದುಕೊಂಡು ಉಳಿಯಲಿಲ್ಲ. ಅಲ್ಲಿ ಹೊಸ ಸರ್ಕಾರದ ಸೈನ್ಯ ಬೀಡುಬಿಟ್ಟಿತ್ತು. 1923ರ ಜನವರಿಯಲ್ಲಿ ಮೂವರು ಐರಿಷ್ ಯುವಕರನ್ನು ಐರಿಷ್ ಸರ್ಕಾರದ ಸೈನಿಕರೇ ಅಲ್ಲಿ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಕ್ಯಾಸಲ್ ನೋಡಲು ಹೋದವರು ಹೂವಿನ ಫೋಟೊ ತೆಗೆಯುವಾಗ ಇದೂ ನೆನಪಿರಬೇಕು.

ಪಾರ್ಸನ್ಸ್‌ಟೌನ್ ಮತ್ತೆ ಬರ್ ಆಯಿತು. ಕಿಂಗ್ಸ್ ಕೌಂಟಿ ಆಫಲಿ ಆಯಿತು.

ಫೋಟೊ ನೋಡಿ ಕಟ್ಟಿದ್ದು

ಆ 11 ವರ್ಷದ ಹುಡುಗ, ಆರನೇ ಅರ್ಲ್ ಮೈಕೆಲ್, ದೊಡ್ಡವನಾಗಿ ಹೆಂಡತಿ ಆ್ಯನ್ ಜೊತೆ ತೋಟ ಬೆಳೆಸಿದ. ಚೀನಾ, ಹಿಮಾಲಯದ ಕಡೆಯ ಗಿಡಗಳು ಐರ್ಲೆಂಡಿನ ಮಂಜಿನಲ್ಲಿ ಬೇರು ಬಿಟ್ಟವು. 300 ವರ್ಷಕ್ಕೂ ಹಳೆಯ, 10 ಮೀಟರಿಗೂ ಎತ್ತರದ ಗಿಡಗೋಡೆ ಅಲ್ಲಿದೆ. ಜಗತ್ತಿನಲ್ಲೇ ಅತಿ ಎತ್ತರದ್ದೆಂದು ಗಿನ್ನೆಸ್ ದಾಖಲೆ. ಮುಂದಿನ ಅರ್ಲ್ ಬ್ರೆಂಡನ್ ಹಲವು ವರ್ಷ ವಿಶ್ವಸಂಸ್ಥೆಯ ನೌಕರಿಯಲ್ಲಿ ದೇಶ ದೇಶ ಸುತ್ತಿ, ಅಪ್ಪ ತೀರಿಕೊಂಡ ಮೇಲೆ ಬರ್‌ಗೆ ಮರಳಿದ.

ಆತನ ಕಾಲದಲ್ಲೇ, 1990ರ ದಶಕದಲ್ಲಿ, ಸರ್ಕಾರದ ನೆರವಿನೊಂದಿಗೆ ಲೆವಯಥನ್ ಅನ್ನು ಮತ್ತೆ ಎಬ್ಬಿಸುವ ಕೆಲಸ ಶುರುವಾಯಿತು. ಕಲ್ಲಿನ ಗೋಡೆ ನಿಂತಿತ್ತು, ಕೊಳವೆಯ ಅವಶೇಷ ಇತ್ತು. ಆದರೆ ಮೂಲ ನಕ್ಷೆಗಳು ಇರಲಿಲ್ಲ. ಎಂಜಿನಿಯರ್ ಮೈಕೆಲ್ ಟುಬ್ರಿಡಿ (ಐರ್ಲೆಂಡಿನ ಪ್ರಸಿದ್ಧ ಜನಪದ ತಂಡ ‘ದ ಚೀಫ್‌ಟನ್ಸ್’ನಲ್ಲಿ ಕೊಳಲು ನುಡಿಸುತ್ತಿದ್ದವರೂ ಇವರೇ) ಯಾವ ಸರಪಳಿ ಎಲ್ಲಿತ್ತು, ಯಾವ ತೊಲೆ ಹೇಗೆ ಕೂತಿತ್ತು ಅಂತ ತಿಳಿಯಲು ನೋಡಿದ್ದರಲ್ಲಿ ಮುಖ್ಯವಾದದ್ದು ಮೇರಿ ತೆಗೆದಿಟ್ಟ ಫೋಟೊಗಳು. ಮೊದಲ ಸಲ ಆಕೆಯ ದುಡ್ಡಿನ ಬಲದಿಂದ ಎದ್ದ ಟೆಲಿಸ್ಕೋಪ್, ಎರಡನೇ ಸಲ ಆಕೆಯ ಫೋಟೊಗಳ ಬಲದಿಂದ ಎದ್ದಿತು.

1997ರಲ್ಲಿ ಕೊಳವೆ ಮತ್ತೆ ಗೋಡೆಗಳ ನಡುವೆ ಮೇಲೇರಿತು. 1999ರಲ್ಲಿ ಅಲ್ಯೂಮಿನಿಯಂನ ಹೊಸ ಕನ್ನಡಿ ಬಂತು. 2017ರಲ್ಲಿ ಅದೇ ತೋಟದ ಇನ್ನೊಂದು ಬಯಲಿನಲ್ಲಿ ಐರ್ಲೆಂಡಿನ ವಿಶ್ವವಿದ್ಯಾಲಯಗಳು ಸೇರಿ ಯುರೋಪಿನ ಲೋಫಾರ್ ಜಾಲದ ರೇಡಿಯೊ ಟೆಲಿಸ್ಕೋಪ್ ನಿಲ್ಲಿಸಿದವು. ಅದಕ್ಕೆ ಮೋಡ, ಮಳೆ ಅಡ್ಡಿಯಿಲ್ಲ. ವಿಲಿಯಂ ಇದ್ದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ!

ಪಾರ್ಸನ್ಸ್ ಕುಟುಂಬ ಈಗಲೂ ಅಲ್ಲೇ ವಾಸ. ತೋಟಕ್ಕೆ, ವಿಜ್ಞಾನ ಕೇಂದ್ರಕ್ಕೆ ಟಿಕೆಟ್ ಪಡೆದು ಯಾರು ಬೇಕಾದರೂ ಹೋಗಬಹುದು. ಒಂದು ಕಾಲಕ್ಕೆ ಟೋಪಿ ತೆಗೆದು ನಿಲ್ಲಬೇಕಿದ್ದ ಒಕ್ಕಲುಗಳ ಮರಿಮಕ್ಕಳು ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿ ಅಡ್ಡಾಡುತ್ತಾರೆ.

ಹಾಗಾದರೆ ಜಮೆ–ಬಾಕಿ ಸರಿಹೋಯಿತಾ? ಇಲ್ಲ. ಒಂದು ಸುರುಳಿ, ಒಂದು ಟರ್ಬೈನ್ ಕೊಟ್ಟ ಮಾತ್ರಕ್ಕೆ ಓ'ಕ್ಯಾರಲರ ನೆಲ ವಾಪಸ್ ಬರಲ್ಲ, 1847ರಲ್ಲಿ ಸತ್ತವರೂ ಬರಲ್ಲ. ಅಜ್ಜ ಆಸ್ತಿಯನ್ನು ಹೇಗೆ ಸಂಪಾದಿಸಿದ ಎನ್ನುವುದು ಮೊಮ್ಮಗನ ಕೈಯಲ್ಲಿ ಇರಲ್ಲ. ಕೈಗೆ ಬಂದ ಮೇಲೆ ಅದನ್ನು ಯಾವುದಕ್ಕೆ ಖರ್ಚು ಮಾಡುತ್ತಾನೆ, ಬಾಗಿಲಲ್ಲಿ ಹಸಿದವರು ನಿಂತಾಗ ಯಾವ ಕೆಲಸ ಬಿಟ್ಟು ಏಳುತ್ತಾನೆ ಅನ್ನೋದಷ್ಟೇ ಕೈಯಲ್ಲಿರುತ್ತೆ. 1620ರ ಲಾರೆನ್ಸ್‌ನ ಬಗ್ಗೆ ಒಳ್ಳೆ ಮಾತಾಡಲು ನನಗೆ ಮನಸ್ಸಿಲ್ಲ. 1846ರ ವಿಲಿಯಂ ಬಗ್ಗೆ, ಆತನ ಕೈ ಹಿಡಿದ ಮೇರಿಯ ಬಗ್ಗೆ ಮಾತಾಡಬಹುದು.

ಮುಂದಿನ ಸಲ ಗ್ಯಾಲಕ್ಸಿಯ ಚಿತ್ರ ಕಂಡರೆ ಒಂದು ಕ್ಷಣ ನಿಲ್ಲಿ. ಅದರ ಮೊದಲ ರೇಖೆ ಬಿದ್ದದ್ದು ಪೀಟ್ ಹೊಗೆಯ ವಾಸನೆಯಿದ್ದ ಒಂದು ಐರಿಷ್ ತೋಟದಲ್ಲಿ, ತವರಿನಿಂದ ಬಂದ ಒಬ್ಬ ಹೆಣ್ಣುಮಗಳ ದುಡ್ಡಿನ ಬಲದ ಮೇಲೆ.